ಮೇಯರ್ ಸಾಹೇಬರ ಕೋಟಿನ ಗುಂಡಿ

ಮದುವೆ ಹೆಣ್ಣಿನ ತಾಯಿಯನ್ನು ಸಂಭಾಳಿಸಿದವರು ಲೋಕದಲ್ಲಿ ಯಾರನ್ನು ಬೇಕಾದರೂ ಸಂಭಾಳಿಸಬಲ್ಲರು ಎಂದು ನಾನು ತಿಳಿದಿದ್ದೆ. ಆ ವಾರವಷ್ಟೇ ಲಂಡನ್ನಿನ ಕೆಂಟನ್ನಿನಲ್ಲಿರುವ ಒಬ್ಬ ತಾಯಿ, ನಮ್ಮ ವಿಜಯಪುರ ಕಡೆಯವರು, ಮಗಳ ರೇಷ್ಮೆ ಬ್ಲೌಸಿನ ತೋಳನ್ನು ಒಮ್ಮೆ ಬಿಗಿ ಮಾಡಿಸಿ, ಒಮ್ಮೆ ಸಡಿಲ ಮಾಡಿಸಿ, ಕೊನೆಗೆ ಮೊದಲಿದ್ದಂತೆಯೇ ಮಾಡಿಸಿಕೊಂಡು ಹೋಗಿದ್ದರು. ಹೋಗುವಾಗ, "ನೋಡ್ರಿ, ಮೊದಲನೇ ಸಲನ ಹಿಂಗ ಹೊಲದಿದ್ರ ಮುಗೀತಿತ್ತಲ್ಲ" ಎಂದು ನನಗೇ ಬುದ್ಧಿ ಹೇಳಿದ್ದರು. ಅದನ್ನು ನುಂಗಿಕೊಂಡು ಚಹಾ ಕುಡಿಯುತ್ತ ಕೂತಿದ್ದಾಗ ನಾಟಕದ ನಿರ್ದೇಶಕರು ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದರು. ಅವರ ಮುಂದೆ ಆ ತಾಯಿ ದೇವರಂಥವರು ಎಂದು ಗೊತ್ತಾಗಲು ನನಗೆ ಬಹಳ ದಿನ ಬೇಕಾಗಲಿಲ್ಲ.

ನಮ್ಮ ಅಂಗಡಿ ಇರುವುದು ವೆಂಬ್ಲಿಯಲ್ಲಿ, ಈಲಿಂಗ್ ರೋಡಿನ ಹಿಂದಿನ ಓಣಿಯಲ್ಲಿ. ಮುಂದಿನ ಕೋಣೆಯಲ್ಲಿ ಸೀರೆ ಬ್ಲೌಸು, ಲೆಹಂಗಾ. ಹಿಂದಿನ ಕೋಣೆಯಲ್ಲಿ ನಾಟಕದವರಿಗೆ ಉಡುಪು. ಒಡತಿ ಬೆಂಗಳೂರಿನವಳು. ಕಂಪ್ಯೂಟರ್ ಕೆಲಸಕ್ಕೆ ವೀಸಾ ಹಿಡಿದು ಬಂದು, ಆ ಕೆಲಸ ಸಾಕಾಗಿ ಈ ಅಂಗಡಿ ಹಾಕಿದವಳು. ನನಗಿಂತ ಬಹಳ ಚಿಕ್ಕವಳಾದ್ದರಿಂದ ನನ್ನನ್ನು ಅಕ್ಕ ಎನ್ನುತ್ತಾಳೆ. ಆರ್ಡರ್ ಹಿಡಿಯುವುದು ಅವಳು, ಬಟ್ಟೆ ಕತ್ತರಿಸುವುದು ನಾನು. ಗಂಡಸರ ಕೋಟು ಹೊಲಿಯಲು ಒಬ್ಬ ಗುಜರಾತಿ ಮಾಸ್ತರರಿದ್ದರು. ಅವರು ಆಗ ಮಗಳ ಮದುವೆಗೆಂದು ಊರಿಗೆ ಹೋಗಿದ್ದರು. ಅದಕ್ಕೇ ನಿರ್ದೇಶಕರು ತಂದ ಕೋಟಿನ ಕೆಲಸ ನನ್ನ ಕೊರಳಿಗೆ ಬಿತ್ತು.

ನಿರ್ದೇಶಕರು ಅಮೆರಿಕದವರು, ಲಂಡನ್ನಿನಲ್ಲಿ ನೆಲೆಸಿದವರು. ತಮ್ಮ ಊರಿನ ಒಬ್ಬ ಹಳೆಯ ಮೇಯರನ ಜೀವನವನ್ನು ನಾಟಕ ಮಾಡುತ್ತಿದ್ದರು. ತೂಗುಹಾಕಿದ ಬ್ಲೌಸುಗಳ ನಡುವೆ ನಿಂತು, ಯಾರೂ ಕೇಳದಿದ್ದರೂ ಇಡೀ ಕಥೆ ಹೇಳಿದರು. ಆ ಮನುಷ್ಯ ಅಮೆರಿಕದ ಅಂತರ್ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದ. ಗುಂಡು ಬಿದ್ದು, ಗುಡಾರದ ಆಸ್ಪತ್ರೆಯಲ್ಲಿ ತೋಳು ತೆಗೆದರು. ನದಿ ದಂಡೆಯ ತನ್ನೂರಿಗೆ ಮರಳಿ ಕಬ್ಬಿಣ ಸಾಮಾನಿನ ಅಂಗಡಿ ಹಾಕಿದ. ಮೊಳೆ, ಹಗ್ಗ, ನೇಗಿಲು, ಕಂದೀಲು ಮಾರಿದ. ಅಂಗಡಿಯೂ ಬೆಳೆಯಿತು, ಊರೂ ಬೆಳೆಯಿತು. ಆತ ಮೇಯರ್ ಆದ. ಕಾಲರಾ ಬರುತ್ತಿದ್ದ ಊರಿಗೆ ಕೊಳವೆಯಲ್ಲಿ ಶುದ್ಧ ನೀರು ತರಿಸಿದ, ಅದಕ್ಕಾಗಿ ತೆರಿಗೆ ಏರಿಸಿದ, ಮುಂದಿನ ಚುನಾವಣೆಯಲ್ಲಿ ಸೋತ. ಸೋತ ಮರುದಿನ ಬೆಳಿಗ್ಗೆ ಎಂದಿನಂತೆ ಅಂಗಡಿಯ ಬಾಗಿಲು ತೆಗೆದ.

"ಇಡೀ ಬದುಕಿಗೆ ಒಂದೇ ಕೋಟು" ಎಂದರು ನಿರ್ದೇಶಕರು. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲೇ ಹೇಳಿಬಿಡುತ್ತೇನೆ. "ಸೈನ್ಯದ ಕೋಟನ್ನೇ ಅಂಗಡಿಯಲ್ಲೂ ಹಾಕಿಕೊಂಡ, ಮೇಯರ್ ಆದಾಗಲೂ ಹಾಕಿಕೊಂಡ. ಗುಂಡಿ ಮಾತ್ರ ಬದಲಾಯಿಸಿದ. ನನಗೆ ಅದೇ ಕೋಟು ಬೇಕು. ಫೋಟೊದಲ್ಲಿ ಹೇಗಿದೆಯೋ ಹಾಗೆ. ಕೂದಲೆಳೆಯಷ್ಟೂ ಆಚೀಚೆ ಆಗಬಾರದು."

ಫೋಟೊ ಎಂದರೆ ತೆಳು ಕಬ್ಬಿಣದ ತಗಡಿನ ಮೇಲೆ ತೆಗೆದ ಹಳೇ ಕಾಲದ ಚಿತ್ರ. ಆ ಊರಿನ ಮ್ಯೂಸಿಯಮ್ಮಿನವರು ಕಳಿಸಿದ ಪ್ರತಿಯನ್ನು ಇವರು ದೊಡ್ಡದು ಮಾಡಿಸಿ ತಂದಿದ್ದರು. ಗಡ್ಡದ ಮನುಷ್ಯ ಕುರ್ಚಿಯಲ್ಲಿ ಕೂತಿದ್ದಾನೆ. ದಪ್ಪ ಉಣ್ಣೆಯ ಉದ್ದ ಕೋಟು, ಮುಂದೆ ಒಂದೇ ಸಾಲು ಗುಂಡಿ. ಎಡತೋಳು ಖಾಲಿ, ಮಡಚಿ ಎದೆಗೆ ಪಿನ್ನು ಚುಚ್ಚಿದೆ. ಆ ದಿನದಿಂದ "ಫೋಟೊದಲ್ಲಿ ಹೇಗಿದೆಯೋ ಹಾಗೆ" ಎನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದೆನೆಂದರೆ, ಮನೆಯಲ್ಲಿ ಪಲ್ಯಕ್ಕೆ ಉಪ್ಪು ಹಾಕುವಾಗಲೂ ಅದೇ ಕಿವಿಯಲ್ಲಿ ಕೇಳುತ್ತಿತ್ತು.

ನಟನನ್ನೂ ಅವರು ಹಾಗೆಯೇ ಆರಿಸಿದ್ದರು. ಕ್ರಾಯ್ಡನ್ ಕಡೆಯವನು, ನಲವತ್ತರ ಆಸುಪಾಸು, ಮಾತು ಕಡಿಮೆ. ಹುಟ್ಟಿನಿಂದಲೇ ಎಡತೋಳು ಮೊಣಕೈಗಿಂತ ಮೇಲೆಯೇ ನಿಂತುಹೋಗಿತ್ತು. ಮೊದಲ ದಿನ ಅಳತೆಗೆ ಬಂದಾಗ ನಾನು ಟೇಪು ಹಿಡಿದು ಆ ಕಡೆ ಹೋಗಲು ಸ್ವಲ್ಪ ತಡೆದೆ. ಆತ ತಾನೇ ಆ ತೋಳನ್ನು ಎತ್ತಿ ಹಿಡಿದು, "ಅಳೀರಿ, ಕಚ್ಚಲ್ಲ ಅದು" ಎಂದ.

ಒಂದು ತೋಳಿನ ಮೈಗೆ ಕೋಟು ಕತ್ತರಿಸುವುದು ತಮಾಷೆಯಲ್ಲ. ಕೆಲಸವೆಲ್ಲ ಒಂದೇ ಕೈ ಮಾಡುವುದರಿಂದ ಬಲಗಡೆಯ ಬೆನ್ನು ದಪ್ಪವಾಗಿರುತ್ತದೆ, ಎಡಹೆಗಲು ಮೇಲೆದ್ದು ಕಿರಿದಾಗಿರುತ್ತದೆ. ಎರಡು ಬದಿ ಸಮ ಕತ್ತರಿಸಿದರೆ ಕೋಟು ಮೈಮೇಲೆ ನಿಲ್ಲದೆ ನಿಧಾನಕ್ಕೆ ಒಂದು ಕಡೆಗೆ ತಿರುಗುತ್ತದೆ. ಮೊದಲು ಕೋರಾ ಬಟ್ಟೆಯಲ್ಲಿ ಮಾದರಿ ಮಾಡಿ, ಮುಂದಿನ ಅಂಚುಗಳನ್ನು ಬರೀ ಪಿನ್ನಿನಿಂದ ಕೂಡಿಸಿ ನೋಡಿದೆ. ತಿರುಗಿತು. ಬಿಚ್ಚಿ, ಎರಡು ಬದಿಗೂ ಬೇರೆ ಬೇರೆ ಕಾಗದ ಕತ್ತರಿಸಿದೆ. ಆಗಲೂ ಸ್ವಲ್ಪ ತಿರುಗಿತು. ಕೊನೆಗೆ ಎಡಗಡೆ ಕೆಳ ಅಂಚಿನೊಳಗೆ ಭಾರಕ್ಕೆಂದು ಸೀಸದ ಚಿಕ್ಕ ತುಂಡು ಇಟ್ಟು ಹೊಲಿದ ಮೇಲೆ ನಿಂತಿತು. ಆ ಹೊತ್ತಿಗೆ ನಿರ್ದೇಶಕರು ಒಳಗಿನ ಅಸ್ತರಿನ ಬಣ್ಣವನ್ನು ಎರಡನೇ ಸಲ ಬದಲಾಯಿಸಿದ್ದರು. ಕೋಟಿನ ಅಸ್ತರು ಫೋಟೊದಲ್ಲಿ ಕಾಣುವುದೇ ಇಲ್ಲ, ಆ ಬಣ್ಣ ಅವರಿಗೆ ಎಲ್ಲಿಂದ ಗೊತ್ತಾಯಿತೋ ದೇವರೇ ಬಲ್ಲ.

ಗುಂಡಿಯದು ಬೇರೆ ರಾಮಾಯಣ. ಸೈನಿಕನಿಗೆ ಹದ್ದಿನ ಗುರುತಿನ ಹಿತ್ತಾಳೆ ಗುಂಡಿ, ವ್ಯಾಪಾರಿಗೆ ಕರಿ ಕೊಂಬಿನ ಗುಂಡಿ, ಮೇಯರನಿಗೆ ಬಟ್ಟೆ ಸುತ್ತಿದ ಗುಂಡಿ. ಅಂಕದಿಂದ ಅಂಕಕ್ಕೆ ಪರದೆಯ ಹಿಂದೆ ಬದಲಾಯಿಸಬೇಕು. ಅದಕ್ಕೆ ಗುಂಡಿಗಳನ್ನು ಹೊಲಿಯದೆ, ಅಂಚಿನಲ್ಲಿ ಸಣ್ಣ ತೂತು ಮಾಡಿ, ಒಳಗಿನಿಂದ ತಂತಿಯ ಉಂಗುರ ಸಿಕ್ಕಿಸುವ ಏರ್ಪಾಟು ಮಾಡಿದೆ. ಎದುರಿನ ಅಂಚಿನಲ್ಲಿ ಗುಂಡಿ ತೂರಿಸುವ ಕಾಜಾ ಎಲ್ಲ ಕೈಹೊಲಿಗೆ. ದಪ್ಪ ಉಣ್ಣೆಯಲ್ಲಿ ಕಾಜಾ ಕತ್ತರಿಸುವಾಗ ಉಸಿರು ಬಿಗಿ ಹಿಡಿಯಬೇಕು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕಾಜಾ ಕತ್ತರಿಸಿದ ಮೇಲೆ ಬಟ್ಟೆ ಮತ್ತೆ ಕೂಡುವುದಿಲ್ಲ.

ಈ ನಡುವೆ ತಾಲೀಮಿನಲ್ಲಿ ಒಂದು ಜಗಳ ಹುಟ್ಟಿಕೊಂಡಿತ್ತು. ನಾಟಕ ಶುರುವಾಗುವುದೇ ಆಸ್ಪತ್ರೆಯಲ್ಲಿ. ತೋಳು ಹೋದ ಕ್ಯಾಪ್ಟನ್ ಮೊದಲ ಸಲ ತಾನೇ ಕೋಟು ಹಾಕಿಕೊಂಡು ಹೊರಗೆ ಬರಬೇಕು. ನಮ್ಮ ನಟ ಅಭ್ಯಾಸದ ಕೋಟನ್ನು ಹಾಕಿಕೊಂಡು, ಒಂದೇ ಕೈಯಲ್ಲಿ ಟಕಟಕನೆ ಎಲ್ಲ ಗುಂಡಿ ಹಾಕಿಬಿಡುತ್ತಿದ್ದನಂತೆ. ಹುಟ್ಟಿದಾಗಿನಿಂದ ಆ ಕೈಗೆ ಅದೇ ಕೆಲಸ. ನಿರ್ದೇಶಕರಿಗೆ ಅದು ಹಿಡಿಸಲಿಲ್ಲ. ಒಮ್ಮೆ ಅಳತೆ ನೋಡಲು ಇಬ್ಬರೂ ಬಂದಾಗ ನಮ್ಮೆದುರೇ ಶುರುಮಾಡಿದರು.

"ಸ್ವಲ್ಪ ತಡಕಾಡಪ್ಪ. ನಿನ್ನೆ ಮೊನ್ನೆ ತೋಳು ಹೋದವನು ಹೀಗೆ ಹಾಕಿಕೊಳ್ತಾನಾ?"

"ತಡಕಾಡೋ ನಾಟಕ ನಾನು ಮಾಡಲ್ಲ" ಎಂದ ಆತ. ದನಿ ಏರಲಿಲ್ಲ. "ಕೈಲಾಗದವನ ಹಾಗೆ ಕಾಣಿಸಿಕೋ ಅಂತ ಚಿಕ್ಕಂದಿನಿಂದ ಎಲ್ಲರೂ ಕೇಳ್ತಾನೇ ಬಂದಿದ್ದಾರೆ. ಶಾಲೆ ನಾಟಕದಲ್ಲೂ ಕೇಳಿದ್ರು. ಸುಳ್ಳು ಸುಳ್ಳೇ ಎಡವೋದು ನನಗೆ ಬೇಡ."

ಆತ ಒಳಗೆ ಬಟ್ಟೆ ಬದಲಿಸಲು ಹೋದಾಗ ನಿರ್ದೇಶಕರು ನಮ್ಮ ಒಡತಿಗೆ ಹೇಳಿದರು. "ಇನ್ನೊಬ್ಬ ನಟ ಇದ್ದ. ಅಪಘಾತದಲ್ಲಿ ತೋಳು ಕಳಕೊಂಡವನು, ಆ ನೋವು ಅವನಿಗೆ ಗೊತ್ತು. ಆದರೆ ಅವನದು ಬಲತೋಳು. ಫೋಟೊದಲ್ಲಿ ಎಡ. ಅದೊಂದಕ್ಕೇ ಬಿಟ್ಟೆ. ಈಗ ತಪ್ಪು ಮಾಡಿದೆನೇನೋ ಅನ್ನಿಸ್ತಿದೆ."

ಪರದೆಯ ಆಚೆ ಆತನಿಗೆ ಅದು ಕೇಳಿಸಿರಲೇಬೇಕು. ನಮ್ಮ ಹಿಂದಿನ ಕೋಣೆ ಅಷ್ಟೇನೂ ದೊಡ್ಡದಲ್ಲ.

ಕೋಟು ಮುಗಿದ ದಿನ ಇಬ್ಬರೂ ಬಂದರು. ಹೆಗಲು ಕೂತಿತು, ಬೆನ್ನು ಕೂತಿತು, ಕೋಟು ತಿರುಗಲಿಲ್ಲ. ನಾನು ಒಳಗೊಳಗೇ ಬೀಗುತ್ತಿದ್ದೆ. ಆತ ಕನ್ನಡಿಯ ಮುಂದೆ ನಿಂತು ಗುಂಡಿ ಹಾಕಲು ಕೈ ತಂದ. ಬೆರಳು ಹೋದ ಜಾಗದಲ್ಲಿ ಗುಂಡಿ ಇರಲಿಲ್ಲ, ಕಾಜಾ ಇತ್ತು. ಕೈ ತೆಗೆದು ಮತ್ತೆ ತಂದ. ಮತ್ತೆ ಅಲ್ಲಿಗೇ ಹೋಯಿತು. ನಿರ್ದೇಶಕರು ಹತ್ತಿರ ಬಂದು ಬಗ್ಗಿ ನೋಡಿದರು.

"ಇದು ಹೆಂಗಸರ ಕೋಟು" ಎಂದರು.

ಹೌದು. ಗಂಡಸರ ಕೋಟಿನಲ್ಲಿ ಎಡ ಅಂಚು ಮೇಲೆ ಬರುತ್ತದೆ, ಹೆಂಗಸರದರಲ್ಲಿ ಬಲ ಅಂಚು ಮೇಲೆ. ನಾನು ಬಲ ಅಂಚು ಮೇಲೆ ಮಾಡಿ, ಅಷ್ಟೂ ಕಾಜಾ ಅದರಲ್ಲೇ ಕತ್ತರಿಸಿದ್ದೆ. ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನಿರ್ದೇಶಕರು ಸುಮಾರು ಹೊತ್ತು ಕೂಗಾಡಿದರು. ಒಡತಿ ನನ್ನ ಪಕ್ಕಕ್ಕೆ ಬಂದು ಕನ್ನಡದಲ್ಲಿ ಪಿಸುಗುಟ್ಟಿದಳು.

"ಅಕ್ಕ, ಪ್ಲೀಸ್, ಏನೂ ಮಾತಾಡ್ಬೇಡಿ. ಸಾರಿ ಹೇಳ್ಬಿಡೋಣ."

"ನಾ ಫೋಟೊ ನೋಡೇ ಕತ್ತರಿಸೀನ್ರಿ. ಬೇಕಾದ್ರ ನೋಡ್ರಿ" ಎಂದೆ. ಒಡತಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ನಿರ್ದೇಶಕರು ಫೋಟೊ ನೋಡಿದರು. ಫೋಟೊದಲ್ಲೂ ಬಲ ಅಂಚೇ ಮೇಲಿತ್ತು. ಹಾಗಿದ್ದರೂ ಸಿಟ್ಟು ನನ್ನ ಮೇಲೆಯೇ. ಯಾವ ದರ್ಜಿಯಾದರೂ ನೋಡಿದ ಕೂಡಲೇ ಇದೇನೋ ಸರಿಯಿಲ್ಲ ಎಂದು ಕೇಳಬೇಕಿತ್ತು ಎಂದರು. ಆ ಮಾತು ಮಾತ್ರ ನಿಜ. ಮಾಸ್ತರರಿದ್ದಿದ್ದರೆ ಕೇಳುತ್ತಿದ್ದರು. ನಾನು ಹನ್ನೆರಡನೇ ವಯಸ್ಸಿನಿಂದ ಅವ್ವನ ಪಕ್ಕ ಕೂತು ಬ್ಲೌಸು ಹೊಲಿದವಳು. ಬ್ಲೌಸಿನಲ್ಲಿ ಬಲ ಅಂಚಿಗೆ ಹುಕ್ಕಿನ ಪಟ್ಟಿ, ಅದು ಎಡದ ಮೇಲೆ ಬರಬೇಕು. ನನ್ನ ಕಣ್ಣಿಗೆ ಅದೇ ಸರಿಯಾದದ್ದು. ಫೋಟೊದಲ್ಲಿ ಹಾಗಿದ್ದದ್ದು ನನಗೆ ತಪ್ಪೆಂದು ಕಾಣಿಸಲೇ ಇಲ್ಲ.

ಹೊಸದಾಗಿ ಕತ್ತರಿಸಬೇಕೆಂದು ಅಪ್ಪಣೆಯಾಯಿತು. ಅದೇ ಉಣ್ಣೆ ಗಿರಣಿಯವರಲ್ಲಿ ಮುಗಿದಿತ್ತು, ನಾಟಕ ಶುರುವಾದ ಮೇಲೆ ಬರುತ್ತದೆ ಎಂದರು. ಬೇರೆ ಉಣ್ಣೆ ನಡೆಯುವುದಿಲ್ಲ ಎಂದು ನಿರ್ದೇಶಕರು. ಒಡತಿ ಫೋನ್ ಹಿಡಿದು ಊರೆಲ್ಲ ಹುಡುಕತೊಡಗಿದಳು. ನಾನು ತಲೆ ಕೆಟ್ಟು, ಆ ಫೋಟೊವನ್ನು ತೆಗೆದುಕೊಂಡು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬೆಳಕಿನಲ್ಲಿ ಹಿಡಿದೆ. ಅಂಥ ದೊಡ್ಡ ಮನುಷ್ಯ, ಸೈನ್ಯದಲ್ಲಿ ಕ್ಯಾಪ್ಟನ್, ಹೆಂಗಸರ ಕೋಟು ಯಾಕೆ ಹಾಕಿಕೊಂಡ? ತಲೆ ಎತ್ತಿದರೆ ಎದುರಿನ ಕನ್ನಡಿಯಲ್ಲಿ ಅದೇ ಫೋಟೊ ಕಂಡಿತು. ಕನ್ನಡಿಯಲ್ಲಿ ಗುಂಡಿ ಸರಿಯಾಗಿತ್ತು. ಎಡ ಅಂಚು ಮೇಲೆ, ಗಂಡಸರ ಕೋಟು. ಖಾಲಿ ತೋಳು ಮಾತ್ರ ಬಲಗಡೆ ಹೋಗಿತ್ತು.

ನಾನು ಒಡತಿಯನ್ನು ಕರೆದು ತೋರಿಸಿದೆ. ಅವಳು ಅಲ್ಲೇ ನಿಂತು ಆ ಮ್ಯೂಸಿಯಮ್ಮಿಗೆ ಈಮೇಲ್ ಹಾಕಿದಳು. ಮರುದಿನ ಉತ್ತರ ಬಂತು. ತಗಡಿನ ಫೋಟೊಗೆ ನೆಗೆಟಿವ್ ಇರುವುದಿಲ್ಲ, ಆದ್ದರಿಂದ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಯೇ ಬರುತ್ತದೆ, ಮೇಯರ್ ಕಳೆದುಕೊಂಡದ್ದು ಬಲತೋಳು ಎಂದು ಬಹಳ ಸೌಜನ್ಯದಿಂದ ಬರೆದಿದ್ದರು. ಇದನ್ನು ಮೊದಲೇ ಹೇಳಲು ಅವರಿಗೇನು ಧಾಡಿಯಾಗಿತ್ತೋ.

ಒಡತಿ ಕುರ್ಚಿ ಎಳೆದು ಕೂತಳು. "ಅಕ್ಕ, ಗೊತ್ತಾಯ್ತಾ? ಇದು ಡೈರೆಕ್ಟರಿಗೆ ಗೊತ್ತಾದ್ರೆ ನಮ್ ಆಕ್ಟರ್ ಕಥೆ ಮುಗೀತು. ಆ ಬಲತೋಳಿನವ್ರನ್ನ ಕರೀತಾರೆ."

"ಗೊತ್ತಾತ್ರಿ."

"ನಾವ್ ಸುಮ್ನೆ ಇದ್ಬಿಡೋಣ. ಎಲ್ಲಾದ್ರೂ ಬಟ್ಟೆ ಹುಡುಕಿ ಗಂಡಸ್ರ ಕಡೆ ಗುಂಡಿ ಇಟ್ಟು ಹೊಲಿದ್ಕೊಡೋಣ. ಯಾರ್ ನೋಡ್ತಾರೆ?"

ನನಗೂ ಹಾಗೇ ಅನ್ನಿಸಿತು. ಸಾಕಪ್ಪ ಸಾಕು, ಯಾರ ಮೇಯರೋ, ಯಾರ ಕೋಟೋ ಎಂದುಕೊಂಡು ಮನೆಗೆ ಹೋದೆ. ಕೆಂಟನ್ನಿನ ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿದರೆ ಕಾಜಾಗಳೇ ಕಾಣುತ್ತಿದ್ದವು.

ಊಟಕ್ಕೆ ಕೂತು ಬಲಗೈಯಲ್ಲಿ ರೊಟ್ಟಿ ಹಿಡಿದವಳು ಮುರಿಯದೆ ಹಾಗೇ ಉಳಿದೆ. ಬಲತೋಳು ಹೋದರೆ ಆ ಮನುಷ್ಯ ಉಂಡದ್ದು ಹೇಗೆ? ಬರೆದದ್ದು, ಮೊಳೆ ತೂಗಿದ್ದು, ಮೇಯರ್ ಆಗಿ ಊರಿನವರ ಕೈ ಕುಲುಕಿದ್ದು ಹೇಗೆ? ಆಗ ಕಾಕಾ ನೆನಪಾದ. ಧಾರವಾಡದಲ್ಲಿ ನಮ್ಮ ಜೊತೆಯೇ ಇದ್ದ ಅಪ್ಪನ ತಮ್ಮ. ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕು ಅವನ ಬಲಗೈ ಹೋಗಿತ್ತು. ಮದುವೆ ಮನೆಗಳಲ್ಲಿ ಪಂಕ್ತಿಯಲ್ಲಿ ಕೂಡುತ್ತಿರಲಿಲ್ಲ, ಎಡಗೈಯಲ್ಲಿ ಉಣ್ಣುವುದನ್ನು ಜನ ನೋಡುತ್ತಾರೆಂದು. ದಿನಾ ಬೆಳಿಗ್ಗೆ ನಡುಮನೆಯ ಕಂಬದ ಮರೆಗೆ ಸರಿದು, ಅದಕ್ಕೆ ಬೆನ್ನು ಕೊಟ್ಟು ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಎಷ್ಟು ಹೊತ್ತೆಂದರೆ, ನಾನು ಜಡೆ ಹಾಕಿಸಿಕೊಂಡು, ನಾಷ್ಟಾ ಮಾಡಿ ಶಾಲೆಗೆ ಹೊರಟರೂ ಅವನದು ಮುಗಿದಿರುತ್ತಿರಲಿಲ್ಲ. ಒಮ್ಮೆ ನಾನು ಹಾಕಿಕೊಡಲು ಓಡಿದೆ. ಅವ್ವ ನನ್ನ ಕೈ ಹಿಡಿದು ಎಳೆದಳು.

"ಸುಮ್ಮ ಇರು. ಅಂವಾ ಹಾಕ್ಕೋತಾನ."

ಆಮೇಲೆ ಅವ್ವನೇ ಅವನಿಗೆ ಹೇಳಿದ್ದಳು, ಗುಂಡಿ ಹೆಣ್ಣುಮಕ್ಕಳ ಕಡೆ ಹಚ್ಚಿಕೊಡ್ತೀನಿ, ಎಡಗೈಗೆ ಹಗೂರ ಆಗ್ತೈತಿ ಅಂತ. ಕಾಕಾ ಎರಡು ದಿನ ಅವಳ ಜೊತೆ ಮಾತು ಬಿಟ್ಟ.

ನನ್ನ ಗಂಡ ತಾಟಿನಿಂದ ತಲೆ ಎತ್ತಿದರು. "ಯಾಕ, ರೊಟ್ಟಿ ಹಿಡಕೊಂಡು ಹಂಗ ಕುಂತಿ?"

"ಆ ಕೋಟು ಸರಿ ಐತ್ರಿ" ಎಂದೆ.

ಲೆಕ್ಕ ಸರಳವಾಗಿತ್ತು. ಗಂಡಸರ ಗುಂಡಿ ಬಲಗೈಗೆ ಒಗ್ಗುವಂತೆ ಇರುತ್ತದೆ. ಬಲಗೈ ಹೋಗಿ ಎಡಗೈ ಮಾತ್ರ ಉಳಿದವನಿಗೆ ಅವನ ಕೋಟೇ ವೈರಿ. ಮೇಯರನದೂ ಕಾಕಾನದೂ ಅದೇ ಪಾಡು. ನಮ್ಮ ನಟನಿಗೆ ಉಳಿದದ್ದು ಬಲಗೈ. ಅವನಿಗೆ ವೈರಿಯಾಗುವುದು ಹೆಂಗಸರ ಕಡೆಯ ಗುಂಡಿ, ಎಂದರೆ ನಾನು ತಪ್ಪಿ ಕತ್ತರಿಸಿದ ಕೋಟು. ಅದರಲ್ಲಿ ಆತ ತಡಕಾಡುವ ನಾಟಕ ಮಾಡಬೇಕಾಗಿಯೇ ಇಲ್ಲ.

ಆದರೆ ಇದನ್ನು ಹೇಳಬೇಕಾದರೆ ತೋಳಿನ ವಿಷಯವನ್ನೂ ಹೇಳಬೇಕು. ನಿರ್ದೇಶಕರಿಗೆ ಹೇಳುವ ಮೊದಲು ನಟನಿಗೆ ಹೇಳುವುದೆಂದು ನಿಶ್ಚಯಿಸಿದೆ. ಪಾತ್ರ ಹೋಗುವುದಾದರೆ ಅದು ಆತನ ಪಾತ್ರ. ಒಡತಿ ಬೇಡವೆಂದಳು, ನಾನು ಕೇಳಲಿಲ್ಲ. ಅವಳು ಅಂಗಡಿಯ ಒಡತಿಯಾದರೂ ಕೆಲವೊಮ್ಮೆ ನಾನು ಅಕ್ಕನೇ ಆಗಿಬಿಡುತ್ತೇನೆ.

ಆತ ಬಂದ. ಫೋಟೊವನ್ನು ಕನ್ನಡಿಗೆ ಹಿಡಿದು ತೋರಿಸಿ, ಮ್ಯೂಸಿಯಮ್ಮಿನವರು ಬರೆದದ್ದನ್ನೂ ಹೇಳಿದೆ. ನೋಡುತ್ತ ನಿಂತ. ಸ್ಟೂಲಿನ ಮೇಲೆ ಕೂತ.

"ಇಷ್ಟು ವರ್ಷ ಏನೇನು ಪಾತ್ರ ಸಿಕ್ಕಿದೆ ಗೊತ್ತಾ ನನಗೆ?" ಎಂದ. "ಭಿಕ್ಷುಕ. ಕಡಲ್ಗಳ್ಳ. ಗಾಯಾಳು ಸೈನಿಕ, ಮೊದಲ ದೃಶ್ಯದಲ್ಲೇ ಸಾಯೋನು. ಕೈ ಇಲ್ಲದವನಿಗೆ ಒಂದು ಅಂಗಡಿ ಕೊಟ್ಟವರು, ಒಂದು ಊರು ಕೊಟ್ಟವರು ಈ ನಿರ್ದೇಶಕರೇ ಮೊದಲು. ತಲೆ ತಿಂತಾರೆ ನಿಜ. ಆದರೂ ಕೊಟ್ಟರು."

ನಾನು ಕಾಕಾನ ವಿಷಯ ಹೇಳಿದೆ. ನನ್ನ ಇಂಗ್ಲಿಷಿನಲ್ಲಿ ಕಂಬ, ಪಂಕ್ತಿ, ಗಿರಣಿ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಬೆವರಿದೆ. ಆತ ಎದ್ದು ಕೋಟು ತೆಗೆದುಕೊಂಡ.

ಹಾಕಿಕೊಳ್ಳುವುದು ಸುಲಭವಾಯಿತು. ಗುಂಡಿಗೆ ಬಂದಾಗ ಕೈ ಮತ್ತೆ ತಪ್ಪಿತು. ಗದ್ದದಿಂದ ಕಾಲರ್ ಒತ್ತಿ ಹಿಡಿದ. ಹಿತ್ತಾಳೆ ಗುಂಡಿ ಜಾರಿತು. ಬಾಯಲ್ಲಿ ಒಂದು ಬೈಗುಳ ಬಂತು. ಮೇಲಿನದು ಆಗುವುದಿಲ್ಲವೆಂದು ಕೆಳಗಿನಿಂದ ಶುರುಮಾಡಿದ. ಒಂದು ಹಾಕಿದರೆ ಅಂಚು ಏರುಪೇರಾಗಿ ಬಿಚ್ಚಬೇಕಾಯಿತು. ಹಣೆಯಲ್ಲಿ ಬೆವರು ಮೂಡಿತು. ಒಡತಿ ಚಹಾ ಹಿಡಿದು ಬಾಗಿಲಲ್ಲಿ ನಿಂತವಳು ನೋಡಲಾರದೆ ಲೋಟ ಕೆಳಗಿಟ್ಟು ಕೈ ಮುಂದೆ ತಂದಳು. ನಾನು ಅವಳ ಮಣಿಕಟ್ಟು ಹಿಡಿದೆ.

ಕೊನೆಯ ಗುಂಡಿ ಕೂತಾಗ ಚಹಾ ತಣ್ಣಗಾಗಿತ್ತು. ಆತ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು, "ನನ್ನ ಕೈ ನನ್ನ ಮಾತು ಕೇಳದೆ ಇದ್ದದ್ದು ಇದೇ ಮೊದಲು" ಎಂದ. ಆಮೇಲೆ ನನ್ನತ್ತ ತಿರುಗಿ, "ತೋಳಿನ ವಿಷಯ ನಾನೇ ಅವರಿಗೆ ಹೇಳ್ತೀನಿ. ಮುಚ್ಚಿಟ್ಟು ಮಾಡಿದರೆ ದಿನಾ ಹೆದರಿಕೊಂಡೇ ಇರಬೇಕಾಗುತ್ತೆ. ಆದರೆ ಮೊದಲು ಇದನ್ನ ನೋಡಲಿ" ಎಂದ.

ತಾಲೀಮು ಹ್ಯಾರೋದ ಒಂದು ಚರ್ಚಿನ ಸಭಾಂಗಣದಲ್ಲಿ ನಡೆಯುತ್ತಿತ್ತು. ಒಡತಿಯೂ ನಾನೂ ಕೋಟು ಹೊತ್ತುಕೊಂಡು ಹೋದೆವು. ಹೊಸ ಕೋಟು ಎಲ್ಲಿ ಎಂದು ನಿರ್ದೇಶಕರು ರೇಗಿದರು. ಆತ ಉತ್ತರ ಕೊಡದೆ ಮಂಚದ ಪಕ್ಕ ನಿಂತು ದೃಶ್ಯ ಶುರುಮಾಡಿದ. ನಿರ್ದೇಶಕರು ಮೊದಲು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಮುಚ್ಚಿದರು. ಎರಡನೇ ಗುಂಡಿ ಜಾರಿದಾಗ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಮುಗಿದಾಗ ಅವರ ಕಣ್ಣಲ್ಲಿ ನೀರಿತ್ತು. "ಇದೇ. ಇಷ್ಟು ದಿನ ಇದನ್ನೇ ಕೇಳ್ತಿದ್ದೆ ನಾನು" ಎಂದರು.

ಆಗ ಆತ ಹೇಳಿದ. ಫೋಟೊ ಉಲ್ಟಾ ಇದೆ. ಮೇಯರ್ ಕಳೆದುಕೊಂಡದ್ದು ಬಲತೋಳು. ನನ್ನದು ಎಡ.

ನಿರ್ದೇಶಕರು ಒಡತಿಯ ಫೋನಿನಲ್ಲಿ ಮ್ಯೂಸಿಯಮ್ಮಿನ ಉತ್ತರ ಓದಿದರು. ಇನ್ನೊಮ್ಮೆ ಓದಿದರು. ನನ್ನ ಜೀವನದ ಕೆಲಸವೇ ಸುಳ್ಳಾಯಿತಲ್ಲ ಎನ್ನುತ್ತ ಸಭಾಂಗಣದ ಉದ್ದಕ್ಕೂ ಓಡಾಡತೊಡಗಿದರು. ಇನ್ನೂ ಸಮಯವಿದೆ, ಆ ಇನ್ನೊಬ್ಬ ನಟ ಊರಲ್ಲೇ ಇದ್ದಾನೆ ಎಂದು ತಮ್ಮ ಫೋನ್ ತೆಗೆದರು. 'ಇದೇ' ಎಂದಾಗ ಬಂದ ಕಣ್ಣೀರು ಇನ್ನೂ ಆರಿರಲಿಲ್ಲ. ನಮ್ಮ ನಟ ತಲೆ ತಗ್ಗಿಸಿ, ಅಷ್ಟು ಕಷ್ಟಪಟ್ಟು ಹಾಕಿದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

ಅಷ್ಟು ದಿನ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಹೊರಬಂತು. ಅಸ್ತರಿನ ಬಣ್ಣ, ಸೀಸದ ತುಂಡು, ಮೂರು ಬಗೆಯ ಗುಂಡಿ, ಎಲ್ಲ.

"ಸಾರ್" ಎಂದೆ. ಒಡತಿ ನನ್ನ ಸೆರಗು ಜಗ್ಗಿದಳು. ನಾನು ಬಿಡಲಿಲ್ಲ. "ಫೋಟೊದಲ್ಲಿ ಹೇಗಿದೆಯೋ ಹಾಗೆ ಅಂದವರು ನೀವು. ಫೋಟೊದಲ್ಲಿ ಎಡತೋಳಿಲ್ಲ, ಇವರಿಗೂ ಇಲ್ಲ. ಫೋಟೊದಲ್ಲಿ ಗುಂಡಿ ಹೆಂಗಸರ ಕಡೆ ಇದೆ, ಕೋಟಿನಲ್ಲೂ ಹಾಗೇ ಇದೆ. ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಈಗ ಫೋಟೊನೇ ಬೇಡ ಅಂತೀರಾ? ಆ ಮನುಷ್ಯ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಗುಂಡಿ ಹಾಕಿಕೊಂಡಾಗ ಅವನಿಗೆ ಕಂಡದ್ದು ಇದೇ. ಇದೇ ತೋಳು, ಇದೇ ಗುಂಡಿ. ಇದಕ್ಕಿಂತ ನಿಜ ಎಲ್ಲಿಂದ ತರಲಿ ನಾನು? ನನ್ನ ಹತ್ತಿರ ಉಣ್ಣೆಯೂ ಇಲ್ಲ."

ನಿರ್ದೇಶಕರು ನನ್ನನ್ನು ನೋಡಿದರು, ಗೋಡೆಗೆ ಒರಗಿಸಿದ್ದ ದೊಡ್ಡ ಫೋಟೊವನ್ನು ನೋಡಿದರು, ಗುಂಡಿ ಬಿಚ್ಚುತ್ತಿದ್ದ ಕೈಯನ್ನು ನೋಡಿದರು. ಫೋನನ್ನು ಜೇಬಿಗೆ ಹಾಕಿದರು.

"ಬಿಚ್ಚಬೇಡ" ಎಂದರು ಆತನಿಗೆ. ಆಮೇಲೆ ಟೀ ಬೇಕೆಂದರು.

ಮರುವಾರ ನಾಟಕದ ಕರಪತ್ರ ಬಂತು. ಮೇಯರನನ್ನು ಅವನದೇ ಕನ್ನಡಿಯೊಳಗಿಂದ ತೋರಿಸುವುದು ನಿರ್ದೇಶಕರಿಗೆ ಬಹಳ ವರ್ಷಗಳಿಂದ ಇದ್ದ ಕಲ್ಪನೆಯಂತೆ. ಒಡತಿ ಅದನ್ನು ಓದಿ ನಕ್ಕಳು. ನನಗೆ ನಗು ಬರಲಿಲ್ಲ, ಅದೇ ದಿನ ಅವರು ಮೇಯರನ ಬಟ್ಟೆ ಗುಂಡಿಗಳ ಬಣ್ಣ ಬದಲಾಯಿಸಿ ಎಂದು ಹೇಳಿ ಕಳಿಸಿದ್ದರು.

ಶನಿವಾರ ಮಧ್ಯಾಹ್ನದ ಪ್ರದರ್ಶನಕ್ಕೆ ನಾನು ಹೋದೆ. ಒಡತಿ ಗಿರಾಕಿಗಳಿಗೂ ಟಿಕೆಟ್ ಹಂಚಿದ್ದಳು. ನನ್ನ ಪಕ್ಕ ಕೆಂಟನ್ನಿನ ಆ ತಾಯಿ, ಬ್ಲೌಸಿನ ತೋಳಿನವರು, ಬಂದು ಕೂತರು. ಪರದೆ ಎದ್ದಿತು. ಮಂಚ, ಕೋಟು, ಆತ. ಹಿಂದೆ ಗೋಡೆಯಷ್ಟು ದೊಡ್ಡ ಫೋಟೊ. ಆತ ಗುಂಡಿಗೆ ಕೈ ಹಾಕಿದ. ಮೊದಲನೆಯದು ಜಾರಿತು. ಇಷ್ಟು ದಿನದ ತಾಲೀಮಿನಲ್ಲಿ ಕೈ ಪಳಗಿರಬಹುದೆಂದು ನನಗೆ ಭಯವಿತ್ತು, ಪಳಗಿರಲಿಲ್ಲ. ಕೈ ಪಳಗದಿರಲೆಂದೇ ಆತ ಮನೆಯಲ್ಲಾಗಲಿ ತಾಲೀಮಿನಲ್ಲಾಗಲಿ ಆ ಗುಂಡಿಗಳನ್ನು ಅಭ್ಯಾಸ ಮಾಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಜನ ಮೊದಲು ಕೆಮ್ಮಿದರು, ಆಮೇಲೆ ಕೆಮ್ಮೂ ನಿಂತಿತು.

ಪಕ್ಕದವರು ನನ್ನ ಕಿವಿಗೆ ಬಗ್ಗಿದರು. "ಗುಂಡಿ ಹೆಣ್ಣುಮಕ್ಕಳ ಕಡೆ ಅದಾವಲ್ರಿ. ನೀವ ಹೊಲದದ್ದು ಹೌದಿಲ್ಲೊ?"

"ಹೂನ್ರಿ. ಸುಮ್ಮ ನೋಡ್ರಿ."

ಅವರು ನೋಡಿದರು. ಸ್ವಲ್ಪ ಹೊತ್ತಿಗೆ ಅವರ ಕೈ ತಾನಾಗಿ ಮುಂದಿನ ಸೀಟಿನ ಬೆನ್ನು ಹಿಡಿದಿತ್ತು. ಕೊನೆಯ ಗುಂಡಿ ಕೂತು ಆತ ತಲೆ ಎತ್ತಿದಾಗ ಇಡೀ ನಾಟಕಶಾಲೆ ಚಪ್ಪಾಳೆ ತಟ್ಟಿತು. ನನ್ನ ಕೈ ಮಾತ್ರ ಮೇಲೇಳಲಿಲ್ಲ. ಕಾಕಾ ಇದನ್ನು ಇಪ್ಪತ್ತು ವರ್ಷ ದಿನಾ ಮಾಡಿದ್ದ, ಯಾರೂ ನೋಡದಿರಲಿ ಎಂದು ಕಂಬದ ಮರೆಯಲ್ಲಿ.